ಊರಿನ ಓಟು, ಬೇರೆಯವರ ಮನೆ: ಒಂದು ಇಂಗ್ಲಿಷ್ ಪ್ಯಾರಿಷ್‌ನ ಪ್ರಕರಣ

ಇದು ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಒಂದು ಸಣ್ಣ ಊರಿನ ಕಥೆ. 1913ರಲ್ಲಿ ಅಲ್ಲಿ ಪ್ಯಾರಿಷ್ ಕೌನ್ಸಿಲ್‌ಗೆ ಚುನಾವಣೆ ನಡೆಯಿತು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಇದ್ದ ಹಾಗೆ, ಆದರೆ ಅದಕ್ಕಿಂತ ಚಿಕ್ಕದು. ಹೊಲದಲ್ಲಿ ಕೂಲಿ ಮಾಡುವವರ ಕಡೆ ಗೆದ್ದಿತು. ಊರ ಪಾದ್ರಿ ಸೋತರು. ವರ್ಷ ಕಳೆಯುವಷ್ಟರಲ್ಲಿ ಗೆದ್ದವರ ಮುಂದಾಳು ಮತ್ತು ಅವರ ಹೆಂಡತಿ ಇಬ್ಬರೂ ಕೆಲಸ ಕಳೆದುಕೊಂಡರು. ಕೆಲಸದ ಜೊತೆಗೆ ಬಂದಿದ್ದ ಮನೆಯೂ ಹೋಯಿತು.

ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಲ್ಲಿ ಹಾಕಿಲ್ಲ. ಹೆಸರು ಬಂದ ಕೂಡಲೇ ನಾವು ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ತೀರ್ಪು ಕೊಡಲು ಶುರು ಮಾಡುತ್ತೇವೆ. ನನ್ನ ಪ್ರಶ್ನೆ ಬೇರೆ. ಕಾನೂನು ಒಂದು ಊರಿಗೆ ಓಟು ಕೊಡುತ್ತದೆ, ಕೌನ್ಸಿಲ್ ಕೊಡುತ್ತದೆ. ಆದರೆ ಓಟು ಹಾಕುವವನ ಮನೆ, ಕೂಲಿ, ಜಮೀನು ಎಲ್ಲ ಇನ್ನೊಬ್ಬರ ಕೈಯಲ್ಲಿವೆ. ಆಗ ಆ ಓಟಿನ ಬಲ ಎಲ್ಲಿಯವರೆಗೆ ನಡೆಯುತ್ತದೆ? ಈ ಪ್ರಕರಣದಲ್ಲಿ ಅದಕ್ಕೆ ಉತ್ತರ ಸಿಗುತ್ತದೆ. ಸ್ಥಳೀಯ ಆಡಳಿತದಲ್ಲಿ ಆಸಕ್ತಿ ಇರುವವರು ಇದನ್ನು ನಿಧಾನವಾಗಿ ಓದಬೇಕು ಅನ್ನುವುದು ನನ್ನ ಆಸೆ.

ವೆಸ್ಟ್ರಿಯಿಂದ ಕೌನ್ಸಿಲ್‌ವರೆಗೆ

ಪ್ಯಾರಿಷ್ ಅಂದರೆ ಮೂಲದಲ್ಲಿ ಒಂದು ಚರ್ಚಿಗೆ ಸೇರಿದ ಊರು. ಪಾದ್ರಿಯನ್ನು ನೋಡಿಕೊಳ್ಳುವುದು, ಚರ್ಚಿನ ಮಾಡು ಸೋರದಂತೆ ಕಾಯುವುದು ಊರಿನವರ ಹೊಣೆ. ಇದನ್ನು ಮಾತಾಡಲು ಜನ ಸೇರುತ್ತಿದ್ದದ್ದು ಚರ್ಚಿನ ಒಂದು ಕೋಣೆಯಲ್ಲಿ. ಪಾದ್ರಿಯ ನಿಲುವಂಗಿ ಇಡುವ ಕೋಣೆ ಅದು, ಹೆಸರು ವೆಸ್ಟ್ರಿ. ಸಭೆಗೂ ಅದೇ ಹೆಸರು ಬಂತು.

ಆಮೇಲೆ ಸರ್ಕಾರ ಒಂದೊಂದೇ ಕೆಲಸವನ್ನು ಈ ಸಭೆಯ ತಲೆಗೆ ಕಟ್ಟಿತು. 1555ರಲ್ಲಿ ರಸ್ತೆ ಬಂತು. ಊರಿನವರು ವರ್ಷಕ್ಕೆ ನಾಲ್ಕು ದಿನ ಬಿಟ್ಟಿಯಾಗಿ ರಸ್ತೆ ಕೆಲಸ ಮಾಡಬೇಕಿತ್ತು. 1563ರಲ್ಲಿ ಅದು ಆರು ದಿನವಾಯಿತು. 1601ರ ಕಾನೂನು ಬಡವರನ್ನು ಪ್ಯಾರಿಷ್‌ಗೇ ಒಪ್ಪಿಸಿತು. ಊರಿನವರಿಂದ ತೆರಿಗೆ ಎತ್ತಿ, ಊರಿನ ಮುದುಕರು, ವಿಧವೆಯರು, ಅನಾಥರನ್ನು ನೋಡಿಕೊಳ್ಳಬೇಕು. ಅದಕ್ಕೆ ಮೇಲ್ವಿಚಾರಕರನ್ನು ನೇಮಿಸುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಇದರ ಹಿಂದೆಯೇ ಇನ್ನೊಂದು ಬಂತು. 1662ರಿಂದ, ಹೊಸದಾಗಿ ಬಂದವರು ಮುಂದೆ ಹೊರೆಯಾಗಬಹುದು ಅನ್ನಿಸಿದರೆ 40 ದಿನದೊಳಗೆ ಅವರನ್ನು ಹಿಂದಿನ ಊರಿಗೆ ವಾಪಸ್ ಕಳಿಸಬಹುದಿತ್ತು. ಹೀಗೆ "ನಮ್ಮ ಊರಿನವರು" ಅನ್ನುವ ಮಾತು ತೆರಿಗೆ ಪುಸ್ತಕದ ಮಾತಾಯಿತು.

ವೆಸ್ಟ್ರಿಯಲ್ಲಿ ಮಾತು ಯಾರದ್ದು? ತೆರಿಗೆ ಕಟ್ಟುವವರದ್ದು. 1818ರ ಕಾನೂನು ಇದನ್ನು ಇನ್ನೂ ಬಿಗಿ ಮಾಡಿತು. 50 ಪೌಂಡ್‌ಗಿಂತ ಕಡಿಮೆ ಬೆಲೆಯ ಆಸ್ತಿಗೆ ತೆರಿಗೆ ಕಟ್ಟುವವನಿಗೆ ಒಂದು ಓಟು. ಅಲ್ಲಿಂದ ಮೇಲೆ ಪ್ರತಿ 25 ಪೌಂಡ್‌ಗೂ ಇನ್ನೊಂದು. ಹೀಗೆ ಒಬ್ಬನಿಗೇ ಆರು ಓಟುಗಳವರೆಗೆ ಇರಬಹುದಿತ್ತು. ನಾಲ್ಕು ಜನ ದೊಡ್ಡ ರೈತರು ಒಂದಾದರೆ ಸಾಕು, ಸಣ್ಣವರೆಲ್ಲ ಸೇರಿದರೂ ಸರಿಗಟ್ಟುವುದು ಕಷ್ಟ.

1834ರಲ್ಲಿ ಬಡವರ ಹೊಣೆಯನ್ನು ಊರಿನ ಕೈಯಿಂದ ತೆಗೆದರು. ಸುತ್ತಲಿನ ಹತ್ತಾರು ಪ್ಯಾರಿಷ್‌ಗಳನ್ನು ಸೇರಿಸಿ ಒಂದು ಒಕ್ಕೂಟ ಮಾಡಿ, ಅದಕ್ಕೊಂದು ವರ್ಕ್‌ಹೌಸ್ ಕಟ್ಟಿಸಿದರು. ಸಹಾಯ ಬೇಕಾದವರು ಅದರೊಳಗೆ ಹೋಗಬೇಕು, ಗಂಡ ಹೆಂಡತಿ ಬೇರೆ ಬೇರೆ ವಾರ್ಡಿನಲ್ಲಿ ಇರಬೇಕು. ಪ್ಯಾರಿಷ್‌ಗೆ ಉಳಿದದ್ದು ದುಡ್ಡು ಕಟ್ಟುವ ಕೆಲಸ. 1866ರಲ್ಲಿ ಬಂದ ವ್ಯಾಖ್ಯಾನವೂ ಅದೇ: ಯಾವ ಜಾಗಕ್ಕೆ ಪ್ರತ್ಯೇಕವಾಗಿ ಬಡವರ ತೆರಿಗೆ ಹಾಕುತ್ತಾರೋ ಅದು ಪ್ಯಾರಿಷ್. ಇವತ್ತು ಸಿವಿಲ್ ಪ್ಯಾರಿಷ್ ಅಂತ ಕರೆಯುವುದರ ಹುಟ್ಟು ಇಲ್ಲೇ. ಚರ್ಚಿನ ಗಡಿ ಒಂದು, ತೆರಿಗೆಯ ಗಡಿ ಇನ್ನೊಂದು ಆಗಲು ಶುರುವಾಯಿತು.

ನಿಜವಾದ ಬದಲಾವಣೆ 1894ರದ್ದು. ಪ್ರಧಾನಿ ಗ್ಲಾಡ್‌ಸ್ಟನ್ ಅವರ ಕೊನೆಯ ಸರ್ಕಾರದಲ್ಲಿ ಮಂತ್ರಿ ಹೆನ್ರಿ ಫೌಲರ್ ತಂದ ಕಾನೂನು ಅದು. ವೆಸ್ಟ್ರಿಯ ಕೈಯಲ್ಲಿದ್ದ ಲೌಕಿಕ ಕೆಲಸಗಳನ್ನೆಲ್ಲ ಅದು ಕಿತ್ತುಕೊಂಡಿತು. 300 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಹಳ್ಳಿಗಳಿಗೆ ಚುನಾಯಿತ ಕೌನ್ಸಿಲ್, ಉಳಿದವಕ್ಕೆ ಊರಸಭೆ. ಒಬ್ಬರಿಗೆ ಒಂದೇ ಓಟು. ಹೆಂಗಸರಿಗೂ, ಮದುವೆಯಾದವರಿಗೂ ಸೇರಿ, ಓಟು ಹಾಕುವ ಮತ್ತು ನಿಲ್ಲುವ ಹಕ್ಕು. ಪಾರ್ಲಿಮೆಂಟಿಗೆ ಹೆಂಗಸರು ಓಟು ಹಾಕಲು ಇನ್ನೂ 24 ವರ್ಷ ಕಾಯಬೇಕಿತ್ತು ಅನ್ನುವುದನ್ನು ನೆನೆದರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಆ ಕಾನೂನು ಬರೆದವರಿಗೆ ಹಳ್ಳಿ ಗೊತ್ತಿತ್ತು. ಊರಸಭೆ ಸಂಜೆ ಆರಕ್ಕಿಂತ ಮೊದಲು ಶುರುವಾಗಬಾರದು ಅಂತ ಹಾಕಿದರು, ಯಾಕೆಂದರೆ ಕೂಲಿಯವರು ಹೊಲದಿಂದ ಬರಬೇಕಲ್ಲ. ಬೇರೆ ಜಾಗ ಇದ್ದರೆ ಹೆಂಡದಂಗಡಿಯಲ್ಲಿ ಸಭೆ ಬೇಡ ಅಂದರು. ಶಾಲೆಯ ಕೋಣೆಯನ್ನು ಬಾಡಿಗೆ ಇಲ್ಲದೆ ಬಳಸಬಹುದು ಅಂದರು. ಚರ್ಚಿನ ಕೋಣೆಯಿಂದ ಶಾಲೆಯ ಕೋಣೆಗೆ ಬರುವುದು ಸಣ್ಣ ದೂರ ಅಲ್ಲ.

ಇಲ್ಲಿ ನಮಗೆ ಸೇರಿದ ಒಂದು ಮಾತು. ಭಾರತದಲ್ಲಿ ಸ್ಥಳೀಯ ಸ್ವಯಂ ಆಡಳಿತದ ನಿರ್ಣಯ ಬಂದದ್ದು 1882ರಲ್ಲಿ, ಲಾರ್ಡ್ ರಿಪನ್ ವೈಸ್‌ರಾಯ್ ಆಗಿದ್ದಾಗ. ಅವರನ್ನು ಇಲ್ಲಿಗೆ ಕಳಿಸಿದ್ದು ಇದೇ ಗ್ಲಾಡ್‌ಸ್ಟನ್. ಇಂಗ್ಲೆಂಡಿನ ಹಳ್ಳಿಯವನಿಗೆ ತನ್ನ ಕೌನ್ಸಿಲ್ ಸಿಕ್ಕಿದ್ದು ಅದಾದ 12 ವರ್ಷಕ್ಕೆ. "ಅವರು ಮುಂದೆ, ನಾವು ಹಿಂದೆ" ಅಂತ ಸುಮ್ನೆ ಅಂದುಕೊಳ್ಳುವವರು ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಆದರೆ ಕೌನ್ಸಿಲ್‌ನ ಜೇಬು ಚಿಕ್ಕದು. ಊರಿನ ಆಸ್ತಿಗೆ ತೆರಿಗೆಗಾಗಿ ಕಟ್ಟಿದ ಬೆಲೆಯ ಪ್ರತಿ ಒಂದು ಪೌಂಡ್‌ಗೆ ಮೂರು ಪೆನ್ಸ್‌ವರೆಗೆ ಮಾತ್ರ ತಾನಾಗಿ ಖರ್ಚು ಮಾಡಬಹುದು. ಊರಸಭೆ ಒಪ್ಪಿದರೆ ಆರು ಪೆನ್ಸ್. (ಆಗ ಒಂದು ಪೌಂಡ್ ಅಂದರೆ 240 ಪೆನ್ಸ್.) ಕಾಲುದಾರಿ ಸರಿ ಮಾಡಿಸಬಹುದು, ಕೂಲಿಯವರಿಗೆ ತರಕಾರಿ ಬೆಳೆಯಲು ತುಂಡು ಜಮೀನು ಹಿಡಿದು ಕೊಡಬಹುದು. ವಾಸಕ್ಕೆ ಯೋಗ್ಯವಲ್ಲದ ಮನೆಗಳ ಬಗ್ಗೆ, ಕೆಟ್ಟ ನೀರಿನ ಬಗ್ಗೆ ಮೇಲಿನವರಿಗೆ ದೂರು ಕೊಡಬಹುದು. ಮನೆ ಕಟ್ಟಿಸುವ, ಚರಂಡಿ ಹಾಕಿಸುವ ಅಧಿಕಾರ ಅದರ ಮೇಲಿದ್ದ ರೂರಲ್ ಡಿಸ್ಟ್ರಿಕ್ಟ್ ಕೌನ್ಸಿಲ್‌ದು. ಶಾಲೆ ಕೌಂಟಿಯದ್ದು.

ಊರಿನಲ್ಲಿ ಯಾರ ಕೈಯಲ್ಲಿ ಏನಿತ್ತು

1911ರ ಹೊತ್ತಿಗೆ ನಮ್ಮ ಊರಿನ ಸ್ಥಿತಿ ಹೀಗಿತ್ತು. ಆ ವರ್ಷ ಹೊಸ ಪಾದ್ರಿ ಬಂದರು. ಅವರ ವರಮಾನ ವರ್ಷಕ್ಕೆ ಸುಮಾರು 580 ಪೌಂಡ್. ಅದರ ಜೊತೆಗೆ ದೊಡ್ಡ ಮನೆ, ಚರ್ಚಿಗೆ ಸೇರಿದ 50 ಎಕರೆಗೂ ಮೀರಿದ ಜಮೀನು. ಅದರಲ್ಲಿ ಕೆಲವು ತುಂಡುಗಳನ್ನು ಊರಿನ ಬಡವರಿಗೆ ಗೇಣಿಗೆ ಕೊಟ್ಟಿದ್ದರು. ಹೊಲದ ಕೂಲಿಯವನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 35 ಪೌಂಡ್ ಆಸುಪಾಸು.

ಕೂಲಿಯವರ ಮನೆಗಳಲ್ಲಿ ಎಷ್ಟೋ ರೈತನ ಮನೆಗಳು. ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದು ಮಾಮೂಲಿ ವ್ಯವಸ್ಥೆ. ಅಲ್ಲಿನವರು ಇದಕ್ಕೆ "ಕಟ್ಟಿದ ಮನೆ" ಅನ್ನುತ್ತಾರೆ. ಇಟ್ಟಿಗೆಯಲ್ಲಿ ಕಟ್ಟಿದ್ದು ಅಂತಲ್ಲ, ಕೆಲಸಕ್ಕೆ ಕಟ್ಟಿಹಾಕಿದ್ದು ಅಂತ. ಶಾಲೆಯ ಮೇಷ್ಟ್ರ ಮನೆಯೂ ಹಾಗೇ, ಶಾಲೆಯ ಮನೆ.

ಇನ್ನೊಂದನ್ನು ಗಮನಿಸಬೇಕು. ಕಾನೂನಿನ ಪ್ರಕಾರ ಪ್ಯಾರಿಷ್ ಚುನಾವಣೆ ಊರಸಭೆಯಲ್ಲಿ, ಕೈ ಎತ್ತಿ. ಯಾರಾದರೂ ಒತ್ತಾಯಿಸಿದರೆ ಮಾತ್ರ ಗುಟ್ಟಿನ ಮತದಾನ. ಮನೆಯ ಯಜಮಾನ ಎದುರಿಗೇ ಕೂತಿದ್ದಾನೆ, ನೀವು ಕೈ ಎತ್ತಬೇಕು. 1894ರ ಡಿಸೆಂಬರ್‌ನ ಮೊದಲ ಚುನಾವಣೆಯಲ್ಲಿ ದೇಶದ ಎಷ್ಟೋ ಕಡೆ ಕೂಲಿಯವರು ಹುರುಪಿನಿಂದ ನಿಂತರು, ಗೆದ್ದರು. ಆಮೇಲೆ ಬಹಳ ಊರುಗಳಲ್ಲಿ ಕೌನ್ಸಿಲ್ ಮತ್ತೆ ರೈತರ ಮತ್ತು ಪಾದ್ರಿಗಳ ಕೈಗೆ ಜಾರಿತು. ಅದಕ್ಕೆ ಕಾರಣ ಬರೀ ಆಸಕ್ತಿ ಇಲ್ಲದಿರುವುದು ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೈ ಎತ್ತುವುದಕ್ಕೆ ಅಲ್ಲಿ ಬೆಲೆ ಇತ್ತು.

ಮೇಷ್ಟ್ರು, ಟೀಚರಮ್ಮ

1911ರಲ್ಲೇ ಈ ಊರಿಗೆ ಇಬ್ಬರು ಶಿಕ್ಷಕರು ಬಂದರು, ಗಂಡ ಹೆಂಡತಿ. ಹೆಂಡತಿ ಶಾಲೆಯ ಮುಖ್ಯಸ್ಥೆ, ಗಂಡ ಅವರ ಕೈಕೆಳಗೆ ಸಹಾಯಕ ಮೇಷ್ಟ್ರು. ಗಂಡ ಕೂಲಿಕಾರನ ಮಗ. ಇಬ್ಬರಿಗೂ ಕ್ರಿಸ್ತನ ಮಾತಿನಲ್ಲಿ ನಂಬಿಕೆ, ಸಮಾಜವಾದದಲ್ಲೂ ಅಷ್ಟೇ ನಂಬಿಕೆ.

ಅವರು ಬಂದದ್ದು ಖುಷಿಯಿಂದ ಅಲ್ಲ, ವರ್ಗವಾಗಿ. ಅದೇ ಕೌಂಟಿಯ ಇನ್ನೊಂದು ಹಳ್ಳಿಯಲ್ಲಿ 1902ರಿಂದ ಇದ್ದರು. ಅಲ್ಲಿ ಸುಗ್ಗಿ ಬಂದರೆ ರೈತರು ಮಕ್ಕಳನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಟೀಚರಮ್ಮ ಅದನ್ನು ತಡೆದರು, ಶಾಲೆಯ ದುಸ್ಥಿತಿಯ ಬಗ್ಗೆ ದೂರು ಬರೆದರು. ಆ ರೈತರೇ ಶಾಲೆಯ ಆಡಳಿತ ಸಮಿತಿಯಲ್ಲಿದ್ದರು. ಮೇಷ್ಟ್ರು ಕೂಲಿಯವರ ಸಂಘ ಕಟ್ಟಲು ಸೈಕಲ್ ಹತ್ತಿ ಊರೂರು ತಿರುಗಿದರು. 1906ರಲ್ಲಿ ಜಾರ್ಜ್ ಎಡ್ವರ್ಡ್ಸ್ ನಾರ್ಫಕ್‌ನಲ್ಲಿ ಕೂಲಿಯವರ ಹೊಸ ಸಂಘ ಶುರು ಮಾಡಿದ ಕಾಲ ಅದು. 1910ರಲ್ಲಿ ಆ ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ಗೆ ಮೇಷ್ಟ್ರೂ ಕೂಲಿಯವರೂ ನಿಂತು ಗೆದ್ದರು. ಮರುವರ್ಷವೇ ಅಲ್ಲಿಂದ ಎತ್ತಂಗಡಿ.

ಅಂದರೆ ಮುಂದೆ ಏನಾಗಬಹುದು ಅಂತ ಇವರಿಬ್ಬರಿಗೂ ಗೊತ್ತಿತ್ತು. ಈ ಪ್ರಕರಣದಲ್ಲಿ ಇದನ್ನು ಮರೆಯಬಾರದು.

ಹೊಸ ಊರಿನಲ್ಲಿ ಮೊದಲು ಅವರು ಹಿಡಿದದ್ದು ನೇರ ದಾರಿ. ಶಾಲೆ ತೇವ, ಬೆಳಕು ಸಾಲದು, ಚಳಿಗೆ ಬಿಸಿ ಸಾಲದು. ಇದನ್ನೆಲ್ಲ ಆಡಳಿತ ಸಮಿತಿಗೆ ಹೇಳಿದರು. ಸಮಿತಿಯ ಅಧ್ಯಕ್ಷರು ಯಾರು? ಪಾದ್ರಿಯೇ. ದೂರು ಹೆಚ್ಚಾದಂತೆ ಮುಖ ಗಂಟಾಯಿತೇ ಹೊರತು ಶಾಲೆ ಬೆಚ್ಚಗಾಗಲಿಲ್ಲ.

ಮೊದಲ ತಿರುವು: ನಿಲ್ಲುವುದೋ ಬೇಡವೋ

ಪ್ಯಾರಿಷ್ ಚುನಾವಣೆ ಆಗ ಮೂರು ವರ್ಷಕ್ಕೊಮ್ಮೆ. 1910 ಆದ ಮೇಲೆ 1913. ಮೇಷ್ಟ್ರು ನಿಂತರು. ಜೊತೆಗೆ ಸಂಘದ ಕೂಲಿಯವರೂ ನಿಂತರು.

ಅವರ ಜಾಗದಲ್ಲಿ ಕೂತು ಯೋಚಿಸಿ ನೋಡಿ. ಒಮ್ಮೆ ಕೈ ಸುಟ್ಟಿದೆ. ಸುಮ್ನೆ ಪಾಠ ಹೇಳಿಕೊಂಡು ಇರಬಹುದಿತ್ತು. ಇಲ್ಲವೇ ಕೂಲಿಯವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲಬಹುದಿತ್ತು. ಎರಡನೆಯದನ್ನು ಯಾಕೆ ಮಾಡಲಿಲ್ಲ ಅಂತ ನಾನು ಬಹಳ ಯೋಚಿಸಿದ್ದೇನೆ. ನನಗೆ ಹೊಳೆಯುವ ಕಾರಣ ಒಂದೇ. ಕೂಲಿಯವನು ರೈತನ ಮನೆಯಲ್ಲಿದ್ದಾನೆ. ಅವನು ಕೈ ಎತ್ತಬೇಕಾದರೆ, ಅವನಿಗಿಂತ ಮೊದಲು ಕೈ ಎತ್ತುವವರು ಯಾರಾದರೂ ಬೇಕು. ಮೇಷ್ಟ್ರಿಗೆ ಸಂಬಳ ಕೊಡುವುದು ಕೌಂಟಿ, ಊರಿನ ರೈತನಲ್ಲ. ಹಾಗಾಗಿ ಮೇಷ್ಟ್ರು ಸ್ವಲ್ಪವಾದರೂ ಗಟ್ಟಿ ನೆಲದ ಮೇಲೆ ನಿಂತವರು. ಆ ಲೆಕ್ಕ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು.

ಫಲಿತಾಂಶ ಬಂತು. ಮೇಷ್ಟ್ರಿಗೆ ಎಲ್ಲರಿಗಿಂತ ಜಾಸ್ತಿ ಓಟು. ಪಾದ್ರಿ ಎಲ್ಲರಿಗಿಂತ ಕೆಳಗೆ.

ಸೋತವರು ಎಲ್ಲಿಗೆ ಹೋದರು

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಚುನಾವಣೆಯಲ್ಲಿ ಸೋತ ಪಾದ್ರಿ ಕೌನ್ಸಿಲ್‌ನಿಂದ ಹೊರಗೆ ಬಂದರು. ಶಾಲೆಯ ಸಮಿತಿಯಿಂದ ಹೊರಗೆ ಬರಲಿಲ್ಲ. ಆ ಕುರ್ಚಿ ಓಟಿನಿಂದ ಬಂದದ್ದಲ್ಲ.

1902ರ ಶಿಕ್ಷಣ ಕಾನೂನಿನ ಲೆಕ್ಕ ಹೀಗೆ. ಕೌಂಟಿಯ ಪ್ರಾಥಮಿಕ ಶಾಲೆಗೆ ಆರು ಜನರ ಸಮಿತಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ನಾಲ್ವರನ್ನು ನೇಮಿಸುವುದು ಕೌಂಟಿ. ಊರಿನ ಪ್ಯಾರಿಷ್ ಕೌನ್ಸಿಲ್‌ಗೆ ಹೆಚ್ಚೆಂದರೆ ಇಬ್ಬರು. ಇಡೀ ಕೌನ್ಸಿಲ್ ಗೆದ್ದರೂ ಶಾಲೆಯ ಮೇಜಿನ ಸುತ್ತ ಆರರಲ್ಲಿ ಎರಡು ಕುರ್ಚಿ. ಕೌಂಟಿಯವರು ದೂರದ ನಾರಿಚ್ ನಗರದಲ್ಲಿ ಕೂತು ಹಳ್ಳಿಗೆ ಹೆಸರು ಹುಡುಕುವಾಗ ಯಾರ ಹೆಸರು ಮೊದಲು ಬರುತ್ತದೆ? ಪಾದ್ರಿಯದ್ದು, ದೊಡ್ಡ ರೈತನದ್ದು. ಅದು ಪಿತೂರಿ ಆಗಿರಲೇಬೇಕಿಲ್ಲ. ಅಭ್ಯಾಸ ಸಾಕು.

ಹಾಗಾಗಿ ಊರಿನ ಜಗಳ ಎಲ್ಲರಿಗೂ ಕಾಣುವ ಊರಸಭೆಯಿಂದ, ಬಾಗಿಲು ಹಾಕಿಕೊಂಡ ಸಮಿತಿಯ ಕೋಣೆಗೆ ಹೋಯಿತು. ಓಟು ಹಾಕಿದವರಿಗೆ ಅಲ್ಲಿ ಪ್ರವೇಶ ಇಲ್ಲ. ಇನ್ನೊಂದನ್ನೂ ನೋಡಿ. ಚುನಾವಣೆಗೆ ನಿಂತದ್ದು ಗಂಡ. ಆರೋಪ ಬಂದದ್ದು ಹೆಂಡತಿಯ ಮೇಲೆ. ಶಾಲೆಯ ಮುಖ್ಯಸ್ಥೆ ಅವರು, ಮನೆ ಬಂದದ್ದೂ ಆ ಕೆಲಸಕ್ಕೆ. ಅವರನ್ನು ಅಲುಗಾಡಿಸಿದರೆ ಇಬ್ಬರೂ ಬೀಳುತ್ತಾರೆ.

ಆರೋಪಗಳು ಏನು? ಮಳೆಯಲ್ಲಿ ಮೈಲುಗಟ್ಟಲೆ ನಡೆದು ಬಂದ ಮಕ್ಕಳ ಬಟ್ಟೆ ಒಣಗಿಸಲು, ಸಮಿತಿಯ ಅನುಮತಿ ಇಲ್ಲದೆ ಒಲೆ ಹಚ್ಚಿದರು ಅನ್ನುವುದು ಒಂದು. ಸಮಿತಿಯವರ ಜೊತೆ ಅಗೌರವದಿಂದ ನಡೆದುಕೊಂಡರು ಅನ್ನುವುದು ಇನ್ನೊಂದು. ಅನಾಥಾಲಯದಿಂದ ಬಂದು ಊರಿನಲ್ಲಿ ಸಾಕಿಕೊಂಡಿದ್ದ ಇಬ್ಬರು ಹುಡುಗಿಯರಿಗೆ ಹೊಡೆದರು ಅನ್ನುವುದು ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು. ಟೀಚರಮ್ಮ ಅದನ್ನು ಒಪ್ಪಲಿಲ್ಲ. ಅವರು ಮಕ್ಕಳ ಮೇಲೆ ಕೈ ಮಾಡುವವರಲ್ಲ ಅಂತ ಊರಿನ ತಂದೆತಾಯಂದಿರು ನಿಂತರು. ಕೌಂಟಿಯ ಶಿಕ್ಷಣ ಸಮಿತಿ ವಿಚಾರಣೆ ಮಾಡಿತು. ಅವರು ಈ ಶಾಲೆಯಿಂದ ಹೋಗುವುದೇ ಒಳ್ಳೆಯದು ಅನ್ನುವ ತೀರ್ಮಾನಕ್ಕೆ ಬಂತು. 1914ರ ಮಾರ್ಚ್ 31ಕ್ಕೆ ಇಬ್ಬರ ಕೆಲಸವೂ ಮುಗಿಯಿತು.

ಊರು ಏನು ಮಾಡಿತು

ಏಪ್ರಿಲ್ 1ರ ಬೆಳಿಗ್ಗೆ ಹೊಸ ಶಿಕ್ಷಕರು ಬಂದರು. ಮಕ್ಕಳು ಶಾಲೆಯ ಒಳಗೆ ಹೋಗಲಿಲ್ಲ. 72 ಮಕ್ಕಳಲ್ಲಿ 66 ಮಕ್ಕಳು ಬಾವುಟ ಹಿಡಿದು, ತಮ್ಮ ಶಿಕ್ಷಕರು ಬೇಕು ಅಂತ ಬರೆದ ಹಲಗೆ ಹಿಡಿದು ಊರ ಸುತ್ತ ಮೆರವಣಿಗೆ ಹೋದರು. ಮುಂದೆ ನಿಂತವಳು 13 ವರ್ಷದ ಹುಡುಗಿ. ಮೊದಲು ಊರ ಹುಲ್ಲುಗಾವಲಿನಲ್ಲಿ ಪಾಠ ನಡೆಯಿತು. ಆಮೇಲೆ ಒಬ್ಬ ಬಡಗಿಯ ಕೊಟ್ಟಿಗೆಯಲ್ಲಿ.

66 ಅನ್ನುವ ಅಂಕಿಯನ್ನು ಸ್ವಲ್ಪ ನಿಂತು ನೋಡಬೇಕು. ಇದು ಮಕ್ಕಳ ಆಟ ಅಲ್ಲ. ಇದರ ಹಿಂದೆ ಇದ್ದವರು ಅವರ ತಾಯಂದಿರು, ತಂದೆಯರು. ವರ್ಷದ ಹಿಂದೆ ಅವರು ಕೌನ್ಸಿಲ್‌ಗೆ ಓಟು ಹಾಕಿದ್ದರು. ಆ ಓಟು ಮುಟ್ಟದ ಜಾಗವನ್ನು ಈಗ ಮಕ್ಕಳ ಹಾಜರಿ ಮುಟ್ಟಿತು. ಶಾಲೆ ಕೌಂಟಿಯದ್ದೇ ಇರಬಹುದು, ಸಮಿತಿ ಪಾದ್ರಿಯದ್ದೇ ಇರಬಹುದು, ಮಗು ಮಾತ್ರ ತಾಯಿಯದ್ದು.

ಕಾನೂನು ಸುಮ್ಮನಿರಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿಲ್ಲ ಅಂತ ತಂದೆತಾಯಂದಿರನ್ನು ಕೋರ್ಟಿಗೆ ಕರೆದರು. ಮೊದಲ ಸಲ 18 ಜನಕ್ಕೆ ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲ್ಲಿಂಗ್ ದಂಡ. ಆಮೇಲೆ ಇನ್ನೂ ಹೆಚ್ಚು ಜನಕ್ಕೆ ಐದು ಶಿಲ್ಲಿಂಗ್. ದಂಡವನ್ನು ಸಭೆಗಳಲ್ಲಿ ಚಂದಾ ಎತ್ತಿ ಕಟ್ಟಿದರು. ಇಲ್ಲಿ ಎರಡನೆಯ ತಿರುವು. ಬರೀ ಮುಷ್ಕರ ಅಂತ ಬಿಟ್ಟಿದ್ದರೆ ದಂಡ ಏರುತ್ತಾ ಹೋಗಿ ಒಂದು ದಿನ ಜನ ಸೋಲುತ್ತಿದ್ದರು. ಅದನ್ನು ಅವರು ನಿಜವಾದ ಶಾಲೆ ಮಾಡಿದರು. ಹಾಜರಿ ಪುಸ್ತಕ, ವೇಳಾಪಟ್ಟಿ, ದಿನದ ಪಾಠ ಎಲ್ಲ ಇತ್ತು. ಮಕ್ಕಳು ಓದುತ್ತಿದ್ದಾರೆ ಅನ್ನುವುದು ಕಣ್ಣಿಗೆ ಕಾಣುವಾಗ, ಓದಿಸುತ್ತಿಲ್ಲ ಅಂತ ದಂಡ ಹಾಕುವುದು ಹೇಗೆ? ಕೋರ್ಟಿನ ಕರೆಗಳು ನಿಂತವು.

ಪಾದ್ರಿಯ ಕೈಯಲ್ಲಿ ಇನ್ನೊಂದು ಇತ್ತು, ಜಮೀನು. ಮುಷ್ಕರದ ಪರ ನಿಂತ ಕೆಲವು ಗೇಣಿದಾರರನ್ನು ಚರ್ಚಿನ ಜಮೀನಿನಿಂದ ಬಿಡಿಸಿದರು. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ನೋವು ಕೊಡುವುದು ಇದೇ. ಬಡವನ ಆಲೂಗಡ್ಡೆ ಬೆಳೆಯುವ ತುಂಡು ಅದು. ತುಂಡು ಜಮೀನು ಕೊಡಿಸುವ ಕೆಲಸ ಕಾನೂನಿನ ಪ್ರಕಾರ ಪ್ಯಾರಿಷ್ ಕೌನ್ಸಿಲ್‌ದೇ. 1908ರ ಕಾನೂನು ಅದನ್ನು ಇನ್ನೂ ಗಟ್ಟಿ ಮಾಡಿತ್ತು. ಆದರೆ ಹೊಸ ಜಮೀನು ಹಿಡಿದು ಕೊಡಲು ಕಾಗದ, ಅನುಮತಿ, ತಿಂಗಳುಗಟ್ಟಲೆ ಓಡಾಟ ಬೇಕು. ಇದ್ದ ಜಮೀನು ಬಿಡಿಸಲು ಒಂದು ನೋಟಿಸು ಸಾಕು.

ರೈತರು ಕೂಲಿಯವರನ್ನು ಮನೆಯಿಂದ ಹೊರಗೆ ಹಾಕಬಹುದಿತ್ತು. ಆದರೆ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಗಂಡಸರು ಸೈನ್ಯಕ್ಕೆ ಹೋದರು, ಹೊಲಕ್ಕೆ ಆಳು ಸಿಗುವುದು ಕಷ್ಟವಾಯಿತು. ಇದ್ದ ಆಳನ್ನು ಬಿಡಿಸುವ ಧೈರ್ಯ ಯಾರಿಗೆ? ಊರು ಉಳಿದುಕೊಂಡದ್ದರಲ್ಲಿ ಇದರ ಪಾಲೂ ಇದೆ. ಬರೀ ಒಗ್ಗಟ್ಟಿನಿಂದ ಗೆದ್ದರು ಅಂತ ಹೇಳಿದರೆ ಅರ್ಧ ಸತ್ಯ ಆಗುತ್ತದೆ.

ದುಡ್ಡು ಹೊರಗಿನಿಂದ ಬಂತು. ಗಣಿ ಕೆಲಸಗಾರರ ಸಂಘಗಳು, ರೈಲ್ವೆ ಸಂಘಗಳು ದೇಶದ ಮೂಲೆಮೂಲೆಯಿಂದ ಕಳಿಸಿದವು. 1917ರ ಮೇ 13ರಂದು ಊರಿನ ಮಧ್ಯದಲ್ಲಿ ಹೊಸ ಶಾಲೆಯ ಕಟ್ಟಡ ತೆರೆಯಿತು. ಎದುರಿನ ಗೋಡೆಯ ಕಲ್ಲುಗಳ ಮೇಲೆ ದುಡ್ಡು ಕೊಟ್ಟವರ ಹೆಸರು ಕೆತ್ತಿದ್ದಾರೆ, ಇವತ್ತಿಗೂ ಓದಬಹುದು. ಕೌಂಟಿಯ ಶಾಲೆ ಒಂದು ಕಡೆ, ಇದು ಒಂದು ಕಡೆ, ಹೀಗೆ ಒಂದೇ ಊರಿನಲ್ಲಿ ಎರಡು ಶಾಲೆ. 1939ರಲ್ಲಿ ಮೇಷ್ಟ್ರು ತೀರಿಕೊಳ್ಳುವವರೆಗೆ ಅದು ನಡೆಯಿತು. 25 ವರ್ಷ.

ಇದರಿಂದ ನಾನು ತೆಗೆದುಕೊಂಡದ್ದು

ಈ ಕಥೆಯನ್ನು ಸಾಮಾನ್ಯವಾಗಿ ಶಾಲೆಯ ಕಥೆಯಾಗಿ ಹೇಳುತ್ತಾರೆ. ಮಕ್ಕಳ ಮೆರವಣಿಗೆ ಯಾರಿಗೆ ಇಷ್ಟ ಆಗುವುದಿಲ್ಲ? ನಾನು ಇದನ್ನು ಪಂಚಾಯಿತಿಯ ಕಥೆಯಾಗಿ ಓದುತ್ತೇನೆ. ಹಾಗೆ ಓದಿದರೆ ಕೆಲವು ವಿಷಯ ಎದ್ದು ಕಾಣುತ್ತವೆ.

ಮೂರು ಪೆನ್ಸ್ ಅಧಿಕಾರದ ಕೌನ್ಸಿಲ್ ಅದು. ಅಷ್ಟು ಸಣ್ಣ ಸಂಸ್ಥೆಯನ್ನು ಕಳೆದುಕೊಂಡದ್ದಕ್ಕೆ ಅಷ್ಟೊಂದು ಸಿಟ್ಟು ಯಾಕೆ? ದುಡ್ಡಿಗಲ್ಲ. ಕೌನ್ಸಿಲ್ ಕೆಟ್ಟ ಮನೆಗಳ ಬಗ್ಗೆ ಮೇಲಕ್ಕೆ ದೂರು ಬರೆಯಬಹುದು. ಆ ಮನೆ ರೈತನದ್ದು. ಅಲ್ಲಿಯವರೆಗೆ ದೂರು ಬರೆಯಬೇಕಾದ ಕೌನ್ಸಿಲ್‌ನಲ್ಲಿ ಕೂತಿದ್ದವನೂ ಅವನೇ. ಹೊಸ ಕೌನ್ಸಿಲ್ ಬಂದ ಮೇಲೆ ಬಾಡಿಗೆದಾರ ಮನೆಯ ಯಜಮಾನನ ಬಗ್ಗೆ ಅಧಿಕೃತವಾಗಿ ಬರೆಯುವ ಹಾಗಾಯಿತು. ಖರ್ಚು ಮಾಡುವ ಶಕ್ತಿಗಿಂತ ಬರೆದು ದಾಖಲೆ ಮಾಡುವ ಶಕ್ತಿ ಅವರಿಗೆ ಹೆಚ್ಚು ಚುಚ್ಚಿತು ಅನ್ನುವುದು ನನ್ನ ತಿಳುವಳಿಕೆ.

ಒಂದು ವಿಷಯದಲ್ಲಿ ಮೇಷ್ಟ್ರ ಕಡೆಯವರು ಎಡವಿದರು ಅಂತಲೂ ಹೇಳಬೇಕು. ಗೆಲ್ಲುವುದಕ್ಕೆ ಮೊದಲೇ ಊರಿನ ಅಧಿಕಾರಗಳ ಪಟ್ಟಿ ಮಾಡಬೇಕಿತ್ತು. ಯಾವುದು ಓಟಿನಿಂದ ಬರುತ್ತದೆ, ಯಾವುದು ನೇಮಕದಿಂದ ಬರುತ್ತದೆ, ನೇಮಕ ಮಾಡುವವರು ಯಾರು? ಕೌಂಟಿಯ ನಾಲ್ಕು ಕುರ್ಚಿಗಳ ಬಗ್ಗೆ ಕೌಂಟಿಯ ಬಾಗಿಲನ್ನು ಮೊದಲೇ ತಟ್ಟಿ, ಬೇರೆ ಹೆಸರು ಕೊಡಬಹುದಿತ್ತು. ಹಾಗೆ ಮಾಡಿದ್ದರೆ ಕೆಲಸ ಉಳಿಯುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಹಿಂದಿನ ಹಳ್ಳಿಯಲ್ಲಿ ಪೆಟ್ಟು ಬಿದ್ದದ್ದೂ ಇದೇ ಕಡೆಯಿಂದ. ಎರಡನೆಯ ಸಲವೂ ಅದೇ ಕಡೆಯಿಂದ ಬಿತ್ತು ಅನ್ನುವುದು ಮನಸ್ಸಿಗೆ ಕಷ್ಟ ಕೊಡುತ್ತದೆ.

ಹಾಗಂತ ಸುಮ್ನೆ ಇರಬೇಕಿತ್ತು ಅಂತ ಯಾರಾದರೂ ಹೇಳಿದರೆ ಅದನ್ನು ನಾನು ಒಪ್ಪಲಾರೆ. ಚುನಾವಣೆ ನಡೆಯದೇ ಇದ್ದಿದ್ದರೆ 1914ರಲ್ಲಿ 66 ಮಕ್ಕಳು ಹೊರಗೆ ಬರುತ್ತಿರಲಿಲ್ಲ. ಒಂದು ಸಂಜೆ ಊರಸಭೆಗೆ ಬಂದು, ನಾವು ಇಷ್ಟು ಜನ ಇದ್ದೇವೆ ಅಂತ ಅಕ್ಕಪಕ್ಕ ನೋಡಿಕೊಂಡದ್ದು ಆ ಜನ. ಆ ಲೆಕ್ಕ ಅವರಿಗೆ ಗೊತ್ತಾದದ್ದು ಕೌನ್ಸಿಲ್‌ನಿಂದಲೇ ಅಲ್ವಾ?

ಮುಂದಿನ ವರ್ಷಗಳಲ್ಲಿ ಊರಿನ ಆಡಳಿತ ಎಲ್ಲ ಕಡೆಯ ಹಾಗೆ ಬದಲಾಯಿತು. ಯುದ್ಧದಿಂದಾಗಿ 1916ರ ಚುನಾವಣೆ ನಡೆಯಲಿಲ್ಲ. ಶತಮಾನಗಳಿಂದ ಇದ್ದ ಬಡವರ ಮೇಲ್ವಿಚಾರಕರ ಹುದ್ದೆ 1927ರಲ್ಲಿ ಹೋಯಿತು. 1930ರಲ್ಲಿ ವರ್ಕ್‌ಹೌಸ್ ನಡೆಸುತ್ತಿದ್ದ ಒಕ್ಕೂಟದ ಮಂಡಳಿ ಹೋಗಿ, ಹಳ್ಳಿ ರಸ್ತೆಗಳೂ ಕೌಂಟಿಗೆ ಸೇರಿದವು. ಪಕ್ಕದ ಸಣ್ಣ ಪ್ಯಾರಿಷ್ ಜೊತೆ ಈ ಊರನ್ನು ಸೇರಿಸಿ ಒಂದು ಮಾಡಿದರು. 1974ರಲ್ಲಿ ರೂರಲ್ ಡಿಸ್ಟ್ರಿಕ್ಟ್ ಕೂಡ ಇಲ್ಲವಾಯಿತು, ದೊಡ್ಡ ಜಿಲ್ಲಾ ಕೌನ್ಸಿಲ್ ಬಂತು. ಪ್ಯಾರಿಷ್ ಕೌನ್ಸಿಲ್ ಮಾತ್ರ ಉಳಿದಿದೆ. ಆ ಹಳೆಯ ಶಾಲೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಸೆಪ್ಟೆಂಬರ್‌ನ ಮೊದಲ ಭಾನುವಾರ ಕಾರ್ಮಿಕ ಸಂಘಗಳವರು ಬಾವುಟ ಹಿಡಿದು ಅಲ್ಲಿಗೆ ಬರುತ್ತಾರೆ, ಮಕ್ಕಳು ನಡೆದ ದಾರಿಯಲ್ಲಿ ನಡೆಯುತ್ತಾರೆ.

ಕೂಲಿಯವನನ್ನು ಕೆಲಸದ ಜೊತೆಗೇ ಮನೆಯಿಂದಲೂ ಹೊರಗೆ ಹಾಕುವುದನ್ನು ತಡೆಯುವ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1976ರಲ್ಲಿ. ಹಳ್ಳಿಗೆ ಓಟು ಕೊಟ್ಟ 82 ವರ್ಷದ ಮೇಲೆ. ಅಷ್ಟು ಹೊತ್ತಿಗೆ ಮೇಷ್ಟ್ರು ಹೋಗಿ 37 ವರ್ಷ, ಟೀಚರಮ್ಮ ಹೋಗಿ 30 ವರ್ಷ ಆಗಿತ್ತು. ಇಬ್ಬರ ಸಮಾಧಿಯೂ ಅದೇ ಊರಿನ ಚರ್ಚಿನ ಅಂಗಳದಲ್ಲಿದೆ.